ಮನೆ ಖಾಲಿಯಾಗಲೆಂದು ಕಾಯಬೇಡಿ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಎಳೆಯ ಬರಹಗಾರರೇ, ತೊಗರಿ ರಾಶಿ ಮುಗಿಯಲಿ, ತಂಗಿಯ ಮದುವೆ ದಾಟಲಿ, ಆಮೇಲೆ ಕಾದಂಬರಿಗೆ ಕೂಡೋಣ ಎಂದು ದಿನ ತಳ್ಳಬೇಡಿ. ರಾಶಿ ಮುಗಿದರೆ ಜಾತ್ರೆ ಬರುತ್ತದೆ. ಬಿಡುವು ತಾನಾಗಿ ಬಾರದು ಎಂಬುದಕ್ಕೆ ನಿಮ್ಮದೇ ಜಿಲ್ಲೆಯ ಗೀತಾ ನಾಗಭೂಷಣ ಸಾಕ್ಷಿ. 1942ರಲ್ಲಿ ಸಾವಳಗಿಯಲ್ಲಿ ಹುಟ್ಟಿದ ಅವರು ಗಿರಣಿ ಕಾರ್ಮಿಕರ ಮಗಳು. ಸರಕಾರಿ ಕಚೇರಿಯಲ್ಲಿ ದುಡಿಯುತ್ತಲೇ ಓದಿದರು, ಕಾಲೇಜಿನಲ್ಲಿ ಪಾಠ ಹೇಳಿದರು, ಇದರ ನಡುವೆಯೇ ಇಪ್ಪತ್ತಕ್ಕೂ ಹೆಚ್ಚು ಕಾದಂಬರಿ ಬರೆದರು. ‘ಬದುಕು’ ಅವರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದಿತು. ಅದರೊಳಗಿನ ಕಲಬುರಗಿಯ ಮಾತಿನ ಖಾರ ಬಾಗಿಲು ಹಾಕಿಕೊಂಡ ಕೋಣೆಯಲ್ಲಿ ಸಿಗುವಂಥದಲ್ಲ. ನಾವು ಅಡ್ಡಿಯೆಂದು ಗೊಣಗುವ ಮನೆಯ ಗದ್ದಲವೇ ಬಹುಪಾಲು ಕಾದಂಬರಿಯ ಸರಕು.

ಬಿಡುವಿಗೆ ಕಾಯದೆ ದಿನವೂ ಇಷ್ಟು ಹೊತ್ತೆಂದು ಕೂತರೆ, ಸ್ಫೂರ್ತಿಯಿಲ್ಲದೆ ಗಡಿಯಾರ ನೋಡಿ ಬರೆದದ್ದು ಸಪ್ಪೆಯಾಗದೇ ಎನ್ನಬಹುದು. ಆಗುತ್ತದೆ, ಎಷ್ಟೋ ದಿನ. ಆದರೆ ಇಂಗ್ಲೆಂಡಿನ ಕಾದಂಬರಿಕಾರ ಆಂಟನಿ ಟ್ರಾಲೋಪ್ ಅಂಚೆ ಇಲಾಖೆಯ ನೌಕರಿ ಮಾಡುತ್ತ, ನಸುಕಿನಲ್ಲಿ ಗಡಿಯಾರ ಮುಂದಿಟ್ಟುಕೊಂಡೇ ಬರೆಯುತ್ತಿದ್ದ. ಅವನ ಎಷ್ಟೋ ಒಳ್ಳೆಯ ಪುಟಗಳೂ ಆ ಹೊತ್ತಿನವೇ. ಸ್ಫೂರ್ತಿ ಬಂದಾಗ ನೀವು ಮೇಜಿನ ಮುಂದಿದ್ದರೆ ಸಾಕು (ಮೇಜಿಲ್ಲದಿದ್ದರೆ ಕಟ್ಟೆಯೂ ಆದೀತು). ಒಲೆ, ಕೂಸು, ಹಿರಿಯರ ಆರೈಕೆ ಎಲ್ಲ ಒಬ್ಬಳ ಮೇಲೇ ಬಿದ್ದ ಮನೆಯಲ್ಲಿ ಇದು ಒಣ ಉಪದೇಶ ಎಂಬ ಆಕ್ಷೇಪ ಮಾತ್ರ ತೂಕದ್ದು. ಅಲ್ಲಿ ಶಿಸ್ತು ಕಲಿಯಬೇಕಾದದ್ದು ಬರೆಯುವವಳಲ್ಲ, ಉಳಿದವರು. ಮನೆಯಲ್ಲಿ ಬರೆಯುವ ಸೊಸೆಯೋ ಮಗಳೋ ಇದ್ದರೆ ದಿನಕ್ಕೊಂದು ತಾಸು ರೊಟ್ಟಿ ನೀವೇ ಬಡಿಯಿರಿ, ಕೂಸನ್ನೂ ಎತ್ತಿಕೊಳ್ಳಿ.