ಗಾಯವನ್ನು ಒಣಗಿಸಬೇಕೆ?

ಮಣಿಕಟ್ಟಿನ ಬಳಿಯ ಒಂದು ಮಚ್ಚೆಯನ್ನು ವೈದ್ಯರು ಕೆಲವೇ ನಿಮಿಷಗಳಲ್ಲಿ ಹೆರೆದು ತೆಗೆದು, ಪಟ್ಟಿ ಕಟ್ಟಿ, ಮನೆಗೆ ಕಳುಹಿಸಿದರೆಂದು ಭಾವಿಸೋಣ. ಶಸ್ತ್ರಕ್ರಿಯೆ ಅಲ್ಲಿಗೆ ಮುಗಿಯಿತು. ಆದರೆ ಗಾಯ ಮಾಯಬೇಕಾದುದು ಮನೆಯಲ್ಲಿ. ಮನೆಯ ಹಿರಿಯರ ಮಾತು ಸಾಮಾನ್ಯವಾಗಿ ಒಂದೇ: “ಪಟ್ಟಿ ಬಿಚ್ಚು, ಗಾಳಿಯಾಡಲಿ, ಗಾಯ ಒಣಗಲಿ.” ಕೆಲವು ವರ್ಷಗಳ ಹಿಂದೆ ನಾವೂ ಹಾಗೆಯೇ ಮಾಡಿದೆವು. ಗಟ್ಟಿಯಾದ ಹಕ್ಕಳೆ ಕಟ್ಟಿತು. ಕೈ ಮಡಿಸಿದಾಗಲೆಲ್ಲ ಅದು ಬಿರಿದು ರಕ್ತ ಒಸರಿತು. ತರಗತಿಯಲ್ಲಿ ಬಾಷ್ಪೀಭವನದ ಪಾಠ ಹೇಳುವ ನಮಗೆ, ಅದೇ ಪಾಠ ನಮ್ಮ ಕೈಯ ಮೇಲೆ ನಡೆಯುತ್ತಿದೆಯೆಂದು ಹೊಳೆಯಲೇ ಇಲ್ಲ.

ದೇಹದ ನೀರು ಆವಿಯಾಗಿ ಹೋಗದಂತೆ ತಡೆಯುವುದು ಚರ್ಮದ ಅತ್ಯಂತ ಹೊರಗಿನ, ಸತ್ತ ಜೀವಕೋಶಗಳ ಪದರ. ಮೈಯ ಬಹುಭಾಗಗಳಲ್ಲಿ ಅದರ ದಪ್ಪ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಈ ಪದರ ಹೋದ ಕಡೆ ನೀರು ಹಲವು ಪಟ್ಟು ವೇಗವಾಗಿ ಆವಿಯಾಗುತ್ತದೆ. ಆಗ ಒಸರಿದ ದ್ರವವೂ ರಕ್ತವೂ ಒಣಗಿ ಹಕ್ಕಳೆಯಾಗುತ್ತವೆ. ಅದರ ಜೊತೆಗೆ ಮೇಲುಭಾಗದ ಒಂದಿಷ್ಟು ಜೀವಂತ ಅಂಗಾಂಶವೂ ಒಣಗಿ ಸಾಯುತ್ತದೆ. ಬೇಸಗೆಯಲ್ಲಿ ಕೆರೆಯಂಗಳದ ಕೆಸರು ಬಿರಿಯುವಂತೆ ಹಕ್ಕಳೆಯೂ ಬಿರಿಯುತ್ತದೆ.

ಇತ್ತ, ಗಾಯದ ಅಂಚಿನಿಂದಲೂ ಅಲ್ಲಿ ಉಳಿದಿರುವ ಕೂದಲ ಬುಡಗಳಿಂದಲೂ ಹೊಸ ಜೀವಕೋಶಗಳು ಹೊರಟು, ತೆವಳುತ್ತ ಬಂದು ಬಯಲಾದ ಜಾಗವನ್ನು ಮುಚ್ಚಬೇಕು. ಅವು ಚಲಿಸಲು ತೇವ ಬೇಕು. ಮೇಲೆ ಒಣ ಹಕ್ಕಳೆಯಿದ್ದರೆ, ಅದರಡಿಯ ತೇವದ ಪದರವನ್ನು ಹುಡುಕಿಕೊಂಡು, ದಾರಿ ಕೊರೆಯುತ್ತ ಸಾಗಬೇಕಾಗುತ್ತದೆ. 1962ರಲ್ಲಿ ಬ್ರಿಟನ್ನಿನ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಚರ್ಮದ ಮೇಲಿನ ತೆಳು ಗಾಯಗಳಲ್ಲಿ ಕೆಲವನ್ನು ಗಾಳಿಗೆ ಬಿಟ್ಟು, ಕೆಲವನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿ ಪರೀಕ್ಷಿಸಿದನು. ಮುಚ್ಚಿದ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಎರಡರಷ್ಟು ವೇಗವಾಗಿ ಹರಡಿತು. ಮರುವರ್ಷ ಮಾನವರ ಚರ್ಮದ ಮೇಲೆ ನಡೆದ ಪ್ರಯೋಗವೂ ಇದನ್ನೇ ಸಮರ್ಥಿಸಿತು.

ಹಾಗಾದರೆ ಮನೆಯಲ್ಲಿ ಮಾಡಬೇಕಾದುದೇನು? ವೈದ್ಯರು ಕಟ್ಟಿದ ಪಟ್ಟಿಯನ್ನು ಅವರು ಹೇಳಿದಷ್ಟು ಕಾಲ, ಸಾಮಾನ್ಯವಾಗಿ ಒಂದೆರಡು ದಿನ, ನೆನೆಯದಂತೆ ಹಾಗೆಯೇ ಇಡಬೇಕು. ಬಳಿಕ ದಿನಕ್ಕೊಮ್ಮೆ ಕೈಗಳನ್ನು ತೊಳೆದುಕೊಂಡು, ಗಾಯವನ್ನು ಶುದ್ಧವಾದ ನೀರು ಮತ್ತು ಮೃದುವಾದ ಸಾಬೂನಿನಿಂದ ಹಗುರವಾಗಿ ತೊಳೆದು, ಉಜ್ಜದೆ ಒತ್ತಿ ಒರೆಸಬೇಕು. ಅನಂತರ ಪೆಟ್ರೋಲಿಯಂ ಜೆಲ್ಲಿಯನ್ನು ತೆಳುವಾಗಿ ಹಚ್ಚಿ ಹೊಸ ಪಟ್ಟಿ ಹಾಕಬೇಕು. ಈ ಜೆಲ್ಲಿ ನೀರಿನೊಡನೆ ಬೆರೆಯದ ವಸ್ತು. ಕಳೆದುಹೋದ ಪದರದ ಕೆಲಸವನ್ನು ತಾತ್ಕಾಲಿಕವಾಗಿ ಮಾಡುತ್ತದೆ. ಬರಿಯ ಬಟ್ಟೆಯನ್ನು ಕಟ್ಟಿದರೆ ಗಾಯದ ದ್ರವ ನೂಲುಗಳ ನಡುವಿನ ಸಂದುಗಳಿಗೆ ಏರಿ, ಅಲ್ಲಿ ಒಣಗಿ ಅಂಟಿಕೊಳ್ಳುತ್ತದೆ. ಅದನ್ನು ಕಿತ್ತರೆ ಹೊಸ ಚರ್ಮವೂ ಕಿತ್ತುಬರುತ್ತದೆ. ಆದ್ದರಿಂದ ಅಂಟಿದ ಪಟ್ಟಿಯನ್ನು ನೀರಿನಿಂದ ನೆನೆಸಿಯೇ ಬಿಡಿಸಬೇಕು. ತೇವ ಬೇರೆ, ನೆನೆಯುವುದು ಬೇರೆ: ಮಾಯದ ಗಾಯದೊಡನೆ ಕೆರೆ, ಕೊಳಗಳಲ್ಲಿ ಈಜುವುದು ಸಲ್ಲದು.

ಹೈಡ್ರೋಜನ್ ಪೆರಾಕ್ಸೈಡ್ ಸುರಿದಾಗ ಏಳುವ ನೊರೆಯನ್ನು ಕಂಡು ಗಾಯ ಶುದ್ಧವಾಯಿತೆಂದು ಹಲವರು ನಂಬುತ್ತಾರೆ. ನಮ್ಮ ಅಂಗಾಂಶದಲ್ಲಿರುವ ಒಂದು ಕಿಣ್ವ ಅದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವುದರಿಂದ ನೊರೆ ಬರುತ್ತದೆ, ಅಷ್ಟೆ. ಹೊಸ ಜೀವಕೋಶಗಳಿಗೂ ಆ ದ್ರವ ಹಾನಿಕರ. ಶುದ್ಧವಾದ ಗಾಯಕ್ಕೆ ಬ್ಯಾಕ್ಟೀರಿಯಾನಾಶಕ ಮುಲಾಮು ಕೂಡ ಸಾಮಾನ್ಯವಾಗಿ ಅನಾವಶ್ಯಕ. 1996ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 900ಕ್ಕೂ ಹೆಚ್ಚು ರೋಗಿಗಳ ಅಧ್ಯಯನವೊಂದರಲ್ಲಿ, ಬರಿಯ ಜೆಲ್ಲಿ ಹಚ್ಚಿದವರಿಗೂ ಅಂತಹ ಮುಲಾಮು ಹಚ್ಚಿದವರಿಗೂ ಸೋಂಕಿನ ಪ್ರಮಾಣದಲ್ಲಿ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ.

ಪಟ್ಟಿಯ ಮೂಲಕ ರಕ್ತ ಒಸರಿದರೆ, ಶುದ್ಧ ಬಟ್ಟೆಯಿಂದ 15 ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ಒತ್ತಡದಿಂದ ಸಣ್ಣ ರಕ್ತನಾಳಗಳು ಮುಚ್ಚಿ, ರಕ್ತ ಹೆಪ್ಪುಗಟ್ಟಲು ಕಾಲ ದೊರೆಯುತ್ತದೆ; ನಡುನಡುವೆ ಎತ್ತಿ ನೋಡಿದರೆ ಆ ಹೆಪ್ಪು ಒಡೆಯುತ್ತದೆ. ಹೊಲಿಗೆ ಹಾಕಿದ ಗಾಯವಾದರೆ ಮತ್ತೊಂದು ಎಚ್ಚರ ಅಗತ್ಯ. 3 ವಾರಗಳಾದರೂ ಅಲ್ಲಿಯ ಚರ್ಮಕ್ಕೆ ಎಳೆತವನ್ನು ತಡೆಯುವ ಶಕ್ತಿ ಮೊದಲಿನ ಐದನೆಯ ಒಂದು ಪಾಲಿನಷ್ಟು ಮಾತ್ರ. ತಿಂಗಳುಗಳು ಕಳೆದರೂ ಅದು ಐದರಲ್ಲಿ ನಾಲ್ಕು ಪಾಲನ್ನು ಮೀರುವುದು ಅಪರೂಪ. ಹೊಲಿಗೆ ಬಿಚ್ಚಿದ ಮರುದಿನವೇ ಆಟದ ಮೈದಾನಕ್ಕೆ ಓಡುವ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡಬೇಕು.

ಮೊದಲ ಒಂದೆರಡು ದಿನ ಅಂಚು ತುಸು ಕೆಂಪಾಗಿ ಬಾತಿರುವುದು ಸಹಜ. ಆದರೆ ನೋವು ದಿನದಿನಕ್ಕೆ ಏರಿದರೆ, ಕೆಂಪು ಹರಡಿದರೆ, ಕೀವು ಕಂಡರೆ, ಜ್ವರ ಬಂದರೆ, ಒತ್ತಿದರೂ ರಕ್ತ ನಿಲ್ಲದಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಮಧುಮೇಹಿಗಳಿಗಂತೂ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಗಾಯವನ್ನು ಕಣ್ಣಾರೆ ಕಂಡ ವೈದ್ಯರು ಬೇರೆ ರೀತಿ ಹೇಳಿದ್ದರೆ, ನಮ್ಮ ಲೇಖನಕ್ಕಿಂತ ಅವರ ಮಾತೇ ಪ್ರಮಾಣ.