ಬಾಹ್ಯಾಕಾಶದಲ್ಲಿ ನಿದ್ದೆ ಮಾಡುವುದು ಹೇಗೆ?

'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬ ಗಾದೆ ನಿಮಗೆಲ್ಲಾ ಗೊತ್ತು. ಸಂತೆಯಲ್ಲಾದರೆ ಮಲಗಲು ನೆಲ ಇದೆ, ಒರಗಲು ಮೂಟೆ ಇದೆ. ಮೇಲು ಕೆಳಗು ಎಂಬುದೇ ಇಲ್ಲದ ಜಾಗದಲ್ಲಿ ಮನುಷ್ಯ ಹೇಗೆ ನಿದ್ದೆ ಮಾಡುತ್ತಾನೆ? ನಮ್ಮಜ್ಜಿಗೆ ಈ ವಿಷಯ ಹೇಳಿದಾಗ, "ಅಲ್ಲ ಕನವ್ವಾ, ಅಷ್ಟು ಮೇಲಕ್ಕೆ ಹೋದೋರು ಮಲಗಿದ್ರೆ ಕೆಳಕ್ಕೆ ಬಿದ್ದೋಗಲ್ವಾ?" ಅಂದರು. ಅಜ್ಜಿಯ ಪ್ರಶ್ನೆಯಿಂದಲೇ ಪಾಠ ಶುರುಮಾಡೋಣ.

1. ತೂಕ ಎಲ್ಲಿಗೆ ಹೋಯ್ತು?

ಮೇಲೆ ಗುರುತ್ವಾಕರ್ಷಣೆ ಇಲ್ಲ, ಅದಕ್ಕೇ ತೇಲುತ್ತಾರೆ ಅಂತ ಬಹಳ ಜನ ಹೇಳುತ್ತಾರೆ. ಅದು ಸರಿಯಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿದೆ. ಅಲ್ಲಿ ಭೂಮಿಯ ಸೆಳೆತ ಇಲ್ಲಿಯದರಲ್ಲಿ ನೂರಕ್ಕೆ ತೊಂಬತ್ತರಷ್ಟು ಇದ್ದೇ ಇದೆ. ಹಾಗಾದರೆ ತೇಲುವುದು ಯಾಕೆ? ಅಜ್ಜಿ ಹೇಳಿದ್ದೇ ನಿಜ, ಅವರು ಸದಾ ಬೀಳುತ್ತಲೇ ಇರುತ್ತಾರೆ!

ನಂಜನಗೂಡಿನ ಕಪಿಲಾ ಸೇತುವೆ ಮೇಲಿಂದ ಒಂದು ಕಲ್ಲನ್ನು ಮುಂದಕ್ಕೆ ಎಸೆದರೆ ಅದು ಬಾಗಿ ಹೋಗಿ ನೀರಿಗೆ ಬೀಳುತ್ತದೆ. ಇನ್ನೂ ಜೋರಾಗಿ ಎಸೆದರೆ ಇನ್ನೂ ದೂರ ಬೀಳುತ್ತದೆ. ನಿಲ್ದಾಣ ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಹೋಗುತ್ತಿದೆ. ಅದು ಎಷ್ಟು ಕೆಳಕ್ಕೆ ಬಾಗುತ್ತದೋ, ದುಂಡಗಿರುವ ಭೂಮಿಯೂ ಅಷ್ಟೇ ಬಾಗಿ ಸರಿದುಕೊಳ್ಳುತ್ತದೆ. ಆದ್ದರಿಂದ ನೆಲ ಸಿಗುವುದೇ ಇಲ್ಲ. ನಿಲ್ದಾಣವೂ ಬೀಳುತ್ತದೆ, ಒಳಗಿನ ಜನವೂ ಜೊತೆಗೇ ಬೀಳುತ್ತಾರೆ. ಅದಕ್ಕೇ ಅವರಿಗೆ ತೂಕ ಗೊತ್ತಾಗುವುದಿಲ್ಲ. ಜಾತ್ರೆಯ ದೊಡ್ಡ ತೊಟ್ಟಿಲು ಮೇಲಿಂದ ಕೆಳಕ್ಕೆ ಇಳಿಯುವಾಗ ಹೊಟ್ಟೆಯಲ್ಲಿ ಹಗುರ ಆಗುತ್ತದಲ್ಲ, ಅವರಿಗೆ ಅದು ದಿನವಿಡೀ!

ನಂಜನಗೂಡಿನಿಂದ ತಿ. ನರಸೀಪುರಕ್ಕೆ ನಾವು ಬಸ್ಸಿನಲ್ಲಿ ಹೋದರೆ ಹೆಚ್ಚುಕಡಿಮೆ ಒಂದು ಗಂಟೆ. ಆ ನಿಲ್ದಾಣಕ್ಕೆ ಇಷ್ಟು ದೂರ ದಾಟಲು ನಾಲ್ಕೇ ಸೆಕೆಂಡು ಸಾಕು.

ಮಾಡಿ ನೋಡಿ: ಪ್ಲಾಸ್ಟಿಕ್ ಬಾಟಲಿಯ ತಳದ ಹತ್ತಿರ ಮೊಳೆಯಿಂದ ತೂತು ಮಾಡಿ ನೀರು ತುಂಬಿ. ಮುಚ್ಚಳ ತೆಗೆದಿರಲಿ. ತೂತಿನಿಂದ ನೀರು ಚಿಮ್ಮುತ್ತದೆ. ಈಗ ಎತ್ತರದಿಂದ ಬಾಟಲಿಯನ್ನು ಬಿಟ್ಟುಬಿಡಿ. ಬೀಳುವಷ್ಟು ಹೊತ್ತು ನೀರು ಬರುವುದು ನಿಂತುಹೋಗುತ್ತದೆ. ಬಾಟಲಿ ಮತ್ತು ನೀರು ಒಟ್ಟಿಗೆ ಬೀಳುವುದೇ ಇದಕ್ಕೆ ಕಾರಣ.

2. ಮೊದಲು ಮಲಗಿದವರು ಯಾರು?

1961ರ ಏಪ್ರಿಲ್‌ನಲ್ಲಿ ಯೂರಿ ಗಗಾರಿನ್ ಮೊದಲು ಬಾಹ್ಯಾಕಾಶಕ್ಕೆ ಹೋದರು. ಅವರು ಎರಡು ಗಂಟೆಯೊಳಗೆ ವಾಪಸ್ ಬಂದರು, ಮಲಗಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಹೋದ ಗೆರ್ಮನ್ ಟಿಟೋವ್ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಇದ್ದು, ಅಲ್ಲಿ ನಿದ್ದೆ ಮಾಡಿದ ಮೊದಲ ಮನುಷ್ಯರಾದರು. ಆಗ ಅವರ ವಯಸ್ಸು ಬರೀ 25. ಎಚ್ಚರವಾದಾಗ ಅವರ ಕೈಗಳು ಮುಂದಕ್ಕೆ ತೇಲುತ್ತಿದ್ದವು. ಕೈಗಳನ್ನು ಪಟ್ಟಿಯ ಕೆಳಗೆ ಸಿಕ್ಕಿಸಿ ಮತ್ತೆ ಮಲಗಿದರು. ತೂಕವಿಲ್ಲದ ಕಡೆ ಮನುಷ್ಯ ನುಂಗಬಲ್ಲನೇ, ಮಲಗಬಲ್ಲನೇ ಎಂದು ಅದಕ್ಕೆ ಮುಂಚೆ ವೈದ್ಯರಿಗೂ ಅನುಮಾನವಿತ್ತು. ಯಾರಾದರೊಬ್ಬರು ಹೋಗಿ ಮಲಗಿ ಎದ್ದಮೇಲೇ ಅನುಮಾನ ಹೋಯ್ತು.

3. ಹಾಸಿಗೆ ಹೇಗಿರುತ್ತದೆ?

ಅಲ್ಲಿ ಚಾಪೆ, ದಿಂಬು ಬೇಕಿಲ್ಲ. ಗೋಡೆಗೆ ಕಟ್ಟಿದ ಒಂದು ಚೀಲದೊಳಗೆ ತೂರಿಕೊಂಡು ಮಲಗುತ್ತಾರೆ. ಕಟ್ಟದಿದ್ದರೆ ತೇಲಿಹೋಗಿ ಯಾವುದಾದರೂ ಯಂತ್ರಕ್ಕೆ ಡಿಕ್ಕಿ ಹೊಡೆಯಬಹುದು. ನಿಂತು ಮಲಗಿದರೂ, ತಲೆಕೆಳಗಾಗಿ ಮಲಗಿದರೂ ಒಂದೇ. 2025ರ ಜೂನ್ 25ರಂದು ಹೊರಟು ಜುಲೈ 15ರಂದು ಮರಳಿದ ನಮ್ಮ ದೇಶದ ಶುಭಾಂಶು ಶುಕ್ಲಾ ಅವರೂ ಇದನ್ನೇ ಶಾಲಾ ಮಕ್ಕಳಿಗೆ ಮೇಲಿನಿಂದಲೇ ವಿವರಿಸಿದರು.

ಕೇಳಲು ಸುಖ ಅನಿಸುತ್ತದೆ. ಆದರೆ ತೊಂದರೆಗಳೂ ಇವೆ.

ಬೆಳಕು: ನಿಲ್ದಾಣ ಸುಮಾರು ಒಂದೂವರೆ ಗಂಟೆಗೆ ಒಂದು ಸುತ್ತು ಬರುತ್ತದೆ. ನಮ್ಮ ಒಂದು ದಿನದಲ್ಲಿ ಅವರು 16 ಸಲ ಸೂರ್ಯೋದಯ ನೋಡುತ್ತಾರೆ. ಕೋಳಿ ಇದ್ದಿದ್ದರೆ ಕೂಗಿ ಕೂಗಿ ಸುಸ್ತಾಗುತ್ತಿತ್ತು!

ಗಾಳಿ: ಇಲ್ಲಿ ನಾವು ಬಿಟ್ಟ ಬಿಸಿ ಉಸಿರು ಮೇಲೇರಿ ಹೋಗುತ್ತದೆ. ಅಲ್ಲಿ ಮೇಲೆ ಎಂಬುದೇ ಇಲ್ಲ. ಇಂಗಾಲದ ಡೈ ಆಕ್ಸೈಡ್ ಮುಖದ ಸುತ್ತಲೇ ನಿಲ್ಲಬಹುದು. ಆದ್ದರಿಂದ ಫ್ಯಾನು ಸದಾ ಓಡುತ್ತಿರಬೇಕು. ಫ್ಯಾನಿನ ಸದ್ದೂ ಸಹಿಸಬೇಕು.

ಬೆನ್ನು: ತೂಕ ಬೀಳದೆ ಬೆನ್ನುಮೂಳೆ ಹಿಗ್ಗಿ ಕೆಲವು ಸೆಂ.ಮೀ. ಉದ್ದ ಆಗುತ್ತಾರೆ. ಬೆನ್ನು ನೋಯುತ್ತದೆ. ಇಲ್ಲಿಗೆ ಬಂದಮೇಲೆ ಮೊದಲಿನಂತಾಗುತ್ತಾರೆ.

ನಿದ್ದೆಗೆಂದು ಅವರಿಗೆ ಎಂಟೂವರೆ ಗಂಟೆ ಕೊಟ್ಟಿರುತ್ತಾರೆ. ಆದರೂ ಸರಾಸರಿ ಸುಮಾರು ಆರು ಗಂಟೆ ಮಾತ್ರ ನಿದ್ದೆ ಬರುತ್ತದೆ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ.

4. ನಮ್ಮ ನಾಡಿನ ಪಾಲು

ಇದೆಲ್ಲಾ ದೂರದ ದೇಶದವರ ಕೆಲಸ ಅಂದುಕೊಳ್ಳಬೇಡಿ. 1984ರ ಏಪ್ರಿಲ್ 3ರಂದು ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಅವರ ಊಟಕ್ಕೆ ಬೇಕಾದ ತಿನಿಸು ತಯಾರಿಸಿದ್ದು ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ. ಅವರು ಅಲ್ಲಿ ಯೋಗಾಸನ ಮಾಡಿ ತೂಕವಿಲ್ಲದಿರುವಾಗ ದೇಹಕ್ಕೆ ಏನಾಗುತ್ತದೆಂದು ಪರೀಕ್ಷಿಸಿದರು. ಶುಕ್ಲಾ ಅವರು ಓದಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅವರು ಅಲ್ಲಿ ಹೆಸರುಕಾಳು ಮತ್ತು ಮೆಂತ್ಯ ಮೊಳಕೆ ಬರಿಸಿದರು. ಆ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು. ನಮ್ಮಮ್ಮ ಬಟ್ಟೆಯಲ್ಲಿ ಕಟ್ಟಿಡುವ ಹೆಸರುಕಾಳೇ ಅಲ್ಲಿಗೂ ಹೋಗಿದೆ ನೋಡಿ!

5. ಇದರಿಂದ ನಾವು ಕಲಿಯುವುದೇನು?

ಮನುಷ್ಯನ ಶಕ್ತಿ ದೊಡ್ಡದು. ವಲೇರಿ ಪೊಲ್ಯಾಕೊವ್ ಎಂಬ ವೈದ್ಯರು 1994-95ರಲ್ಲಿ ಒಂದೇ ಸಮನೆ 437 ದಿನ ಮೇಲಿದ್ದು ಬಂದರು. ಆದರೆ ಆ ಶಕ್ತಿ ಬಂದದ್ದು ದೇಹವನ್ನು ಲೆಕ್ಕಿಸದೆ ಇರುವುದರಿಂದಲ್ಲ. ದಿನಾ ಸುಮಾರು ಎರಡು ಗಂಟೆ ವ್ಯಾಯಾಮ ಮಾಡಬೇಕು, ಇಲ್ಲವಾದರೆ ಮೂಳೆ ಸವೆಯುತ್ತದೆ. ನಿದ್ದೆಯನ್ನೂ ಕೆಲಸದ ಹಾಗೆ ವೇಳಾಪಟ್ಟಿಯಲ್ಲಿ ಬರೆದಿಡುತ್ತಾರೆ. ನಿದ್ದೆಗೆಟ್ಟವನು ಒಂದು ಗುಂಡಿ ತಪ್ಪು ಒತ್ತಿದರೆ ಎಲ್ಲರ ಜೀವಕ್ಕೂ ಅಪಾಯ.

ಪರೀಕ್ಷೆ ಬಂದಾಗ ರಾತ್ರಿ ಎರಡು ಗಂಟೆ ತನಕ ಓದಿದೆ ಅಂತ ಜಂಬ ಪಡುವವರು ನಮ್ಮ ತರಗತಿಯಲ್ಲೂ ಇದ್ದಾರೆ. ಅವರು ಇದನ್ನು ಎರಡು ಸಲ ಓದಬೇಕು.

ನಮ್ಮೂರಲ್ಲಿ ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ನೈಟ್ ಶಿಫ್ಟಿಗೆ ಹೋಗುವ ಮನೆಗಳು ಎಷ್ಟಿವೆ ಎಣಿಸಿ. ರಾತ್ರಿ ಮಾತ್ರ ಕರೆಂಟ್ ಬರುವ ದಿನ ಗದ್ದೆಗೆ ನೀರು ಕಟ್ಟಲು ಎದ್ದುಹೋಗುವವರೂ ಇದ್ದಾರೆ. ಇವರೆಲ್ಲಾ ಹಗಲು ಮಲಗಬೇಕು, ಅಂದರೆ ಬಾಹ್ಯಾಕಾಶ ಯಾತ್ರಿಗಳ ಹಾಗೆ ಸೂರ್ಯನನ್ನು ನಂಬದೆ ಮಲಗಬೇಕು. ನಮ್ಮಪ್ಪನೂ ನೈಟ್ ಶಿಫ್ಟಿನವರೇ. ಹಗಲು ಮೂರು ಗಂಟೆ ನಿದ್ದೆ ಬಂದರೆ ಹೆಚ್ಚು. ಕಣ್ಣು ಸದಾ ಕೆಂಪಗಿರುತ್ತಿತ್ತು. ಮಂಪರಿನಲ್ಲೇ ಬೈಕ್ ಓಡಿಸಿ ಬರುತ್ತಾರೆಂದು ಅಮ್ಮನಿಗೆ ದಿಗಿಲು.

ನಿಲ್ದಾಣದಲ್ಲಿ ಮಾಡುವುದನ್ನೇ ನಾವು ಮನೆಯಲ್ಲಿ ಮಾಡಿದೆವು. ಕಿಟಕಿಗೆ ಗೋಣಿತಾಟು ಕಟ್ಟಿ ಕತ್ತಲೆ ಮಾಡಿದೆವು. ಮಲಗುವ ಹೊತ್ತು ಬೆಳಿಗ್ಗೆ ಎಂಟೂವರೆ ಎಂದು ಗೊತ್ತುಮಾಡಿದೆವು. ಮಧ್ಯಾಹ್ನ ಎರಡೂವರೆ ತನಕ ಟಿ.ವಿ., ಮೊಬೈಲ್ ಸದ್ದು ಇಲ್ಲ. ನಾನು ಕ್ಯಾಲೆಂಡರ್ ಮೇಲೆ ದಿನಾ ಲೆಕ್ಕ ಬರೆಯುತ್ತಿದ್ದೇನೆ. ಈಗ ಐದು ಗಂಟೆ ನಿದ್ದೆ ಬರುತ್ತಿದೆ. ಪೂರ್ತಿ ಸಾಲದು, ಆದರೆ ಮೊದಲಿಗಿಂತ ವಾಸಿ.

ಆದ್ದರಿಂದ ಗೆಳೆಯರೇ, ಕಿಟಕಿಗೆ ಹಗಲಲ್ಲೂ ಗೋಣಿತಾಟು ಕಟ್ಟಿದ ಮನೆ ಕಂಡರೆ ಅಲ್ಲಿ ಗೋಲಿ, ಕ್ರಿಕೆಟ್ ಆಡಬೇಡಿ, ಸ್ವಲ್ಪ ಮುಂದಕ್ಕೆ ಹೋಗಿ ಆಡಿ. ಅದಕ್ಕೆ ರಾಕೆಟ್ಟೂ ಬೇಡ, ದುಡ್ಡೂ ಬೇಡ.

ಯೋಚಿಸಿ ಉತ್ತರಿಸಿ

ಅ) ನಿಲ್ದಾಣದಲ್ಲಿ ಗ್ರೀನ್‌ವಿಚ್ ಸಮಯ ಪಾಲಿಸುತ್ತಾರೆ. ಅವರು ರಾತ್ರಿ 9-30ಕ್ಕೆ ಮಲಗಿದರೆ ನಮ್ಮೂರಲ್ಲಿ ಎಷ್ಟು ಗಂಟೆ? (ಸುಳಿವು: ನಮ್ಮದು ಐದೂವರೆ ಗಂಟೆ ಮುಂದೆ.)
ಆ) ನಿಲ್ದಾಣದಲ್ಲಿ ಫ್ಯಾನು ನಿಂತರೆ ಮಲಗಿದವರಿಗೆ ಏನಾಗಬಹುದು?
ಇ) ಮುಸ್ಸಂಜೆಯ ನಂತರ ಅಥವಾ ಬೆಳಗಿನ ಜಾವ, ಮಿನುಗದೆ ನೇರವಾಗಿ ಸಾಗಿ ಕೆಲವೇ ನಿಮಿಷದಲ್ಲಿ ಮರೆಯಾಗುವ ಹೊಳೆಯುವ ಚುಕ್ಕಿ ಕಂಡರೆ ಅದು ಈ ನಿಲ್ದಾಣವಿರಬಹುದು. ನೋಡಿದವರು ದಿನಾಂಕ, ಹೊತ್ತು ಬರೆದು ಈ ಪತ್ರಿಕೆಯ ಕೆಳಗೆ ಅಂಟಿಸಿ.

— ಏಳನೇ ತರಗತಿ ವಿದ್ಯಾರ್ಥಿನಿ