ಅದೆ, ಅವ್ನೆ, ಬಾಡೋಯ್ತು: ಕ್ಷೇತ್ರಕಾರ್ಯದ ಆರು ಪಾಠಗಳು

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಮಾತನ್ನು ಧ್ವನಿಮುದ್ರಿಸಿ ಅದರ ವ್ಯಾಕರಣ ಬಿಡಿಸುವುದು ನನ್ನ ಕೆಲಸ. ಈ ದಾರಿಗೆ ಬರುವ ವಿದ್ಯಾರ್ಥಿಗಳಿಗಾಗಿ ಇದನ್ನು ಬರೆದಿದ್ದೇನೆ.

1. ಕಿವಿಗೆ ಬಿದ್ದದ್ದನ್ನೇ ಬರೆಯಿರಿ. ಇಲ್ಲಿಯವರು ‘ಇದೆ’, ‘ಇವೆ’, ‘ಇದ್ದಾನೆ’, ‘ಇದ್ದಾಳೆ’ ಎನ್ನುವುದಿಲ್ಲ. ‘ಅದೆ’, ‘ಅವೆ’, ‘ಅವ್ನೆ’, ‘ಅವ್ಳೆ’ ಎನ್ನುತ್ತಾರೆ. ‘ಬಂದವ್ನೆ’, ‘ಬಂದದೆ’ಗಳ ಕೊನೆಯಲ್ಲಿ ಕೂತಿರುವುದೂ ಇವೇ ರೂಪಗಳು. ಶಿಷ್ಟಭಾಷೆಗೆ ತಿದ್ದಿದರೆ ಈ ನಂಟು ಕಾಣದೆ ಹೋಗುತ್ತದೆ.

2. ಇರುವುದರ ಜೊತೆ ಇಲ್ಲದ್ದನ್ನೂ ಕೇಳಿ. ‘ಮನೇಲಿ ಅವ್ನೆ’, ‘ಮನೇಲಿ ಅವ್ಳೆ’. ನಿಷೇಧದಲ್ಲಿ ಇಬ್ಬರಿಗೂ ‘ಇಲ್ಲ’ ಒಂದೇ. ಪೋಲಿಷ್ ಭಾಷೆಯಲ್ಲೂ ಹೀಗೊಂದು ಪಲ್ಲಟವಿದೆ: ಮನೆಯಲ್ಲಿರುವ ‘ಯಾನ್’ ಎಂಬವನು ಇಲ್ಲವಾದಾಗ ಷಷ್ಠಿ ವಿಭಕ್ತಿಗೆ ಸರಿದು ‘ಯಾನಾ’ ಆಗುತ್ತಾನೆ, ಕ್ರಿಯಾಪದ ‘ನ್ಯೆ ಮಾ’ ಎಂಬ ಒಂದೇ ರೂಪದಲ್ಲಿ ನಿಲ್ಲುತ್ತದೆ. ಕನ್ನಡದ ನಾಮಪದ ಮಾತ್ರ ಕದಲುವುದಿಲ್ಲ.

3. ಪದಗಳ ಕ್ರಮ ಗಮನಿಸಿ. ‘ಕೆರೇಲಿ ನೀರದೆ’ ಎಂಬುದು ನೀರಿರುವ ಸುದ್ದಿ. ‘ನೀರು ಕೆರೇಲದೆ’ ಎಂಬುದು ನೀರೆಲ್ಲಿ ಎಂದು ಕೇಳಿದವರಿಗೆ ಉತ್ತರ.

4. ಅಕರ್ಮಕಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸಬೇಡಿ. ನಗುವವನು ತಾನೇ ನಗುತ್ತಾನೆ. ಹೂವು ಬಾಡುವುದು ಅದಕ್ಕೆ ಆಗುವಂಥದ್ದು. ಈ ಭೇದವನ್ನು ಭಾಷಾವಿಜ್ಞಾನಿ ಡೇವಿಡ್ ಪರ್ಲ್‌ಮಟರ್ 1978ರಲ್ಲಿ ಸಿದ್ಧಾಂತವಾಗಿ ಮುಂದಿಟ್ಟರು. ಕನ್ನಡದಲ್ಲಿ ಇದನ್ನು ‘ಹೋಗು’ ಹಚ್ಚಿ ನೋಡಬಹುದು. ‘ಹೂವು ಬಾಡೋಯ್ತು’, ‘ಟೊಮೇಟೊ ಕೊಳ್ತೋಯ್ತು’ ಸಲೀಸು. ‘ಮಗು ನಕ್ಕೋಯ್ತು’ ಎಂದರೆ ಯಾರೂ ಒಪ್ಪುವುದಿಲ್ಲ. ‘ಓಡೋದ’ ಎಂಬಲ್ಲಿ ನಿಜವಾಗಿಯೇ ಹೋಗಿದ್ದಾನೆ. ಅದನ್ನು ಈ ಲೆಕ್ಕಕ್ಕೆ ತರಬೇಡಿ.

5. ಹೊಲದಲ್ಲೇ ಕೇಳಿಸಿಕೊಳ್ಳಿ. ಗುಂಡ್ಲುಪೇಟೆ ಕಡೆ ಗಾಳಿಮಳೆ ಹೊಡೆದ ಮಾರನೆ ದಿನ ಬದುವಿನ ಮೇಲೆ ನಿಂತ ರೈತರೊಬ್ಬರು ‘ಪೈರೆಲ್ಲ ಮಲಿಕೊಂಡದೆ’ ಎಂದರು. ಮನೆಯಲ್ಲಿ ‘ಮಗ ಮಲಿಕೊಂಡವ್ನೆ’ ಎನ್ನುವಾಗಲೂ ಇದೇ ಕ್ರಿಯಾಪದ. ಮಗನಿಗೆ ‘ಬೇಕಂತ’ ಸೇರಿಸಬಹುದು, ಪೈರಿಗೆ ಸೇರಿಸಲಾಗದು. ಪೈರನ್ನು ಕೆಡವಿದ ಗಾಳಿಗೆ ಆ ವಾಕ್ಯದಲ್ಲಿ ಜಾಗವೇ ಇಲ್ಲ. ‘ಬಾಗ್ಲು ಮುಚ್ಕೊಂತು’ ಎಂಬುದರ ಕಥೆಯೂ ಇಷ್ಟೇ: ‘ಕೊಳ್ಳು’ ಬಂದು ಮುಚ್ಚಿದವರನ್ನು ಮರೆಮಾಡಿದೆ. ಪ್ರಶ್ನಾವಳಿ ಹಿಡಿದು ಕೂತರೆ ಇಂಥ ವಾಕ್ಯ ಸಿಗುವುದು ಕಷ್ಟ.

6. ಹಾಡಿಗೊಂದು, ಮಾತಿಗೊಂದು ಕಡತ ಇಡಿ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯ, ದೇವರಗುಡ್ಡರು ಹಾಡುವ ಮಾದಪ್ಪನ ಕಾವ್ಯ ಈ ನುಡಿಯ ದೊಡ್ಡ ಆಸ್ತಿ. ಆದರೆ ಹಾಡಿನ ಲಯ ಪದಕ್ರಮವನ್ನು ತನ್ನತ್ತ ಎಳೆಯುತ್ತದೆ.

ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ವಾದಿಸಿದರು. ಆ ವ್ಯಾಕರಣಕ್ಕೆ ಈ ಸೀಮೆಯ ಮಾತೂ ಆಧಾರವಾಗಬೇಕು. ಅದಕ್ಕೇ, ಪ್ರತಿ ವಾಕ್ಯದ ಪಕ್ಕ ಅದನ್ನು ಯಾವ ಊರಲ್ಲಿ, ಯಾವ ಸಂದರ್ಭದಲ್ಲಿ, ಯಾವ ಪ್ರಶ್ನೆಗೆ ಹೇಳಿದರು ಎಂಬುದನ್ನು ತಪ್ಪದೆ ಬರೆದಿಡಿ.